ಹಾಡಿನಿಂದ ಅಳಿಸಿದ ಬೈಗುಳ

ಅಪ್ಪಾ,

ಘೋರ ಅನ್ಯಾಯವಾಗಿದೆ, ಕೇಳು! ಇಂದು ನಮ್ಮ ರಾಕ್ ಬ್ಯಾಂಡಿನ ಮೊದಲ ಆಲ್ಬಂ ಬಿಡುಗಡೆಯಾಯಿತು. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನಾವು ಕೊನೆಯ ಹಾಡನ್ನು ರೆಕಾರ್ಡ್ ಮಾಡುವಾಗ, ಚಿಲಕ ಹಾಕಿದ ಬಾಗಿಲನ್ನು ಗುದ್ದಿ, "ನಿಲ್ಲಿಸ್ರೋ ಸಾಕು! ಆ ಗಿಟಾರಿಗೇನು ಹೊಟ್ಟೆನೋವಾ?" ಎಂದು ಗುಡುಗಿದ್ದೆಯಲ್ಲ, ಅದನ್ನೇ ಅಳಿಸಿಬಿಟ್ಟಿದ್ದಾರೆ!

ಸೌಂಡ್ ಎಂಜಿನಿಯರನ ಕೊರಳಪಟ್ಟಿಗೇ ಕೈ ಹಾಕಿದೆ.

"ಕೊನೇಲಿ ಏನೋ ಗಲಾಟೆ ಇತ್ತು ಸಾರ್, ಕ್ಲೀನ್ ಮಾಡ್ದೆ."

"ಗಲಾಟೆ ಅಂತೀಯಾ? ಅದು ನಮ್ಮಪ್ಪ ಕಣಯ್ಯಾ!"

ಮೂಲ ರೆಕಾರ್ಡಿಂಗನ್ನೂ ಆ ಮಹಾನುಭಾವ ಉಳಿಸಿಲ್ಲ. ನೀನು ಹೋದ ಮೇಲೆ ನಿನ್ನ ದನಿ ಉಳಿದಿದ್ದದ್ದು ಅದೊಂದರಲ್ಲೇ. ಹಾಡು ಚೆನ್ನಾಗಿದೆ ಎಂದು ಊರೆಲ್ಲ ಹೊಗಳುತ್ತಿದೆ. ಹೊಗಳಲಿ, ಯಾರಿಗೆ ಬೇಕು!

ಇದನ್ನು ಬರೆದು ಮುಗಿಸಿ, ಅದೇ ಕೋಣೆಯಲ್ಲಿ ಅದೇ ಹಾಡನ್ನು ಕಿವಿ ಕಿತ್ತುಹೋಗುವಂತೆ ನುಡಿಸುತ್ತೇನೆ. ಚಿಲಕ ಹಾಕುವುದಿಲ್ಲ.