ತಣ್ಣನೆಯ ಚಹಾದ ಪಬ್

ಡಬ್ಲಿನ್, ಮಂಗಳವಾರ

ಅತ್ತೆ,

ಪಾಸಾದೆ! ನೆರವು ಬೇಕಾದರೆ ಪಬ್ ನಡೆಸುವ ತರಬೇತಿ ಮುಗಿಸಿದವರೊಬ್ಬರು ಇರಲೇಬೇಕು ಅಂದಿದ್ದರಲ್ಲ, ಇನ್ನು ನಾನಿದ್ದೇನೆ. ನಮ್ಮಂಥ ಹಳೇ ಹಳ್ಳಿ ಪಬ್‌ಗಳಿಗೆ ಸರ್ಕಾರ ಕೊಡುವ ನೆರವು ಇನ್ನು ಕೈತಪ್ಪುವುದಿಲ್ಲ. ಸೋರುವ ಚಾವಣಿಯ ರಿಪೇರಿಗೆ ಧೈರ್ಯವಾಗಿ ಜನ ಕರೆಸು.

ಇಲ್ಲಿ ತರಬೇತಿಯ ಕೋಣೆಯೊಳಗೇ ಒಂದು ಪಬ್ ಕಟ್ಟಿದ್ದಾರೆ. ಕೌಂಟರು, ಗ್ಲಾಸು, ಬಾಟಲಿ ಎಲ್ಲ ಇವೆ, ಬಾಟಲಿಯಲ್ಲಿರುವುದು ಮಾತ್ರ ತಣ್ಣನೆಯ ಚಹಾ! ಪರೀಕ್ಷೆಗೆ ನಾನು ಕೌಂಟರಿನ ಹಿಂದೆ ನಿಂತಿದ್ದೆ. ಮೇಷ್ಟ್ರು ಕುಡಿದವರಂತೆ ತೂರಾಡುತ್ತ ಬಂದು ಇನ್ನೊಂದು ಗ್ಲಾಸು ಕೇಳಿದರು. "ಇವತ್ತಿಗೆ ಸಾಕು, ಮನೆಗೆ ನಡೀರಿ," ಅಂದೆ. ಗಿರಾಕಿಯ ವೇಷದಲ್ಲಿ ಕೂತಿದ್ದ ನನ್ನ ಸಹಪಾಠಿ ಡಾನಲ್, ಕೆರಿ ಜಿಲ್ಲೆಯ ಕಡೆ ಮೂವತ್ತು ವರ್ಷ ಪಬ್ ನಡೆಸಿದವನು. ಪರೀಕ್ಷೆ ಅನ್ನೋದನ್ನೇ ಮರೆತು ಜೇಬಿಗೆ ಕೈಹಾಕಿ, "ಪಾಪ, ಅವನಿಗೂ ಒಂದು ಹಾಕಮ್ಮ! ಈ ಸುತ್ತು ನಂದು, ಎಲ್ಲರಿಗೂ ನಾನೇ ಕೊಡಿಸ್ತೀನಿ," ಅಂದುಬಿಟ್ಟ. ಮೇಷ್ಟ್ರೇ ನಕ್ಕುಬಿಟ್ಟರು. ನಾನು ನಗಲಿಲ್ಲ. "ಅವರಿಗೂ ಸೇರಿಸಿ ಅಂದ್ರೆ ನಿಮ್ಮ ಸುತ್ತೇ ಇಲ್ಲ, ಕೂತ್ಕೊಳ್ಳಿ," ಅಂದು ಗ್ಲಾಸುಗಳನ್ನೆಲ್ಲ ಒಳಗಿಟ್ಟೆ. ಪೂರ್ತಿ ಅಂಕ ಬಿದ್ದದ್ದು ಅದಕ್ಕೇ.

ಬೇಡ, ಸಾಕು ಅಂತ ಹೇಳಿ ಹೇಳಿ ಗಂಟಲು ಕಟ್ಟಿದೆ, ಬೇರೇನೂ ತೊಂದರೆಯಿಲ್ಲ. ಶುಕ್ರವಾರ ಬರುತ್ತೇನೆ. ಶನಿವಾರ ಕೌಂಟರು ನನಗೆ ಬಿಟ್ಟು ನೀನು ಆರಾಮಾಗಿ ಕೂರು.

ನಿನ್ನ ಗ್ರೋನ್ಯಾ

ಅಂಚೆಯಣ್ಣ ಕೋಲ್ಮನ್, ಅತ್ತೆಗಿಂತ ಮೊದಲು ಇದನ್ನು ಓದುವವರು ನೀವೇ ಎಂದು ಗೊತ್ತು. ಶನಿವಾರದಿಂದ ಮೂರು ಗ್ಲಾಸು ದಾಟಿದರೆ ನಿಮಗೂ ಚಹಾನೇ, ಯಾರೇ ಕೊಡಿಸಲಿ.