ಒಂದ ಸೀಟಿನ ಗಾಡಿ

ರೀ,

ನೀವು ದಾಡಿ ಮಾಡಿಸ್ಕೊಂಡು ಬರೂದ್ರಾಗ ನಾ ಮೇಡ್ಲೇರಿಗೆ ಹೊಂಟಿರ್ತೇನಿ. ತಮ್ಮನ ಮಗನ ತೊಟ್ಟಿಲ ಕಾರ್ಯಕ್ಕ ನಾನ ತಡಾ ಆದ್ರ ಹೆಂಗ?

ರೊಟ್ಟಿ ಬುಟ್ಟ್ಯಾಗ ಅದಾವು. ಪಲ್ಯಕ್ಕ ಬಣ್ಣ ಇಲ್ಲ ಅನಬ್ಯಾಡ್ರಿ. ಡಬ್ಬ್ಯಾಗಿನ ಬ್ಯಾಡಗಿ ಮೆಣಸಿನಕಾಯಿ ಪೇಂಟರ್‌ಗೆ ತೋರಿಸಾಕ ಒಯ್ದವರು ನೀವ.

ಖರೇ ಹೇಳ್ತೇನಿ, ಗಾಡಿ ಪೆಟ್ರೋಲ್ ಟಾಕಿಗೆ ಅದ ಬಣ್ಣ ಬಂದೈತಿ. ಹಿತ್ತಲದಾಗ ತುಕ್ಕು ಹಿಡದಿದ್ದ ಯೆಜ್ಡಿ ಇಷ್ಟು ಚಂದ ಆಗತೈತಿ ಅಂತ ನಾ ನಂಬಿರಲಿಲ್ಲ. ಹ್ಯಾಂಡಲ್ ಬಗ್ಗಿಸಿದ್ದು ನೀವು, ಸೈಲೆನ್ಸರ್ ಬೆಸದದ್ದು ನೀವು. ಓಣಿ ಮಂದಿ ನಿಂತು ನೋಡ್ತಾರ. ನಾನೂ ನೋಡ್ತೇನಿ, ನಿಮಗ ಕಾಣದ್ಹಂಗ.

ನಾ ಎಲ್ಲಿ ಕುಂದರ್ಲಿ ಅಂತ ಕೇಳಿದ್ರ, "ಎರಡ ಸೀಟು ಹಾಕಿದ್ರ ಗಾಡಿ ಅಂದ ಕೆಡತೈತಿ" ಅಂದ್ರಿ. ವಿಚಾರ ಮಾಡಿದೆ, ನೀವು ಹೇಳಿದ್ದು ಬರೋಬ್ಬರಿ ಐತಿ.

ಅದಕ್ಕ ಗಾಡಿ ಹುಡುಕಬ್ಯಾಡ್ರಿ, ನಾ ಒಯ್ದೇನಿ. ಲಗ್ನಕ್ಕಿಂತ ಮೊದಲ ಅಪ್ಪನ ರಾಜದೂತ್ ಹೊಲಕ್ಕ ಹೊಡಕೊಂಡು ಹೋಗತಿದ್ದಾಕಿ ನಾನು. ನೀವು ಕೇಳಲಿಲ್ಲ, ನಾ ಹೇಳಲಿಲ್ಲ. ಯಾರು ಕಟ್ಟಿದ ಗಾಡಿ ಅಂತ ಅಲ್ಲಿ ಕೇಳಿದ್ರ, "ನನ್ನ ಗಂಡ" ಅಂತ ಊರಿಗೆ ಕೇಳೂಹಂಗ ಹೇಳ್ತೇನಿ.

ಕುಬಸ, ಕೊಬ್ಬರಿ, ಕೂಸಿನ ತಲಿಗೆ ಕುಲಾಯಿ ಗಂಟು ಕಟ್ಟಿ ಬಾಗಲದಾಗ ಇಟ್ಟೇನಿ. ಗಾಡಿ ಮ್ಯಾಲ ಜಾಗ ಇಲ್ಲ. ಹಿಡಕೊಂಡು ಬಸ್ಸಿಗೆ ಬರ್ರಿ.

ಪುಷ್ಪಲತಾ