ಕೆಂಪಾಗದ ತಟ್ಟೆಗಳು

ಮಾರ್ಚ್ ೧೧, ಮಂಗಳವಾರ

ಪ್ರೀತಿಯ ತಂಗಿಗೆ,

ನಿನ್ನ ಪತ್ರಕ್ಕೆ ಉತ್ತರ ತಡವಾಯಿತು, ಬೇಸರಿಸಬೇಡ. ನಿನ್ನ ಭಾವನವರು ಮಹಾಪುರುಷರಾಗುತ್ತಿದ್ದರು. ಮನೆಯಲ್ಲಿ ಉಳಿದವರಿಗೆ ಪುರುಸೊತ್ತಿರಲಿಲ್ಲ.

ಅವರ ಔಷಧಿಯ ಬಗ್ಗೆ ಕೇಳಿದ್ದೀಯ. ಕೈನಡುಕದ ರೋಗವನ್ನು ಅರಿಯಲು ನಮ್ಮ ಪ್ರಯೋಗಾಲಯದಲ್ಲಿ ಪುಟ್ಟ ತಟ್ಟೆಗಳಲ್ಲಿ ಬೆಳೆಸಿದ ನರಕೋಶಗಳಿಗೆ ಒಂದು ವಿಷ ಹಾಕುತ್ತೇವೆ. ಗಾಳಿಯ ಆಮ್ಲಜನಕ ತಾಗಿದರೆ ಅದು ಉತ್ಕರ್ಷಣಗೊಂಡು ಕೆಂಪಗಾಗುತ್ತದೆ. ಕೋಶಗಳನ್ನು ಕೊಲ್ಲುವುದು ಆ ಉತ್ಕರ್ಷಣೆಯೇ. ಭಾವನವರ ಔಷಧಿ ಹಾಕಿದ ತಟ್ಟೆಗಳಲ್ಲಿ ಕೆಂಪು ಏರಲಿಲ್ಲ, ಕೋಶಗಳು ಸಾಯಲಿಲ್ಲ. ವಿಜ್ಞಾನಿಗಳ ಸಭೆಯಲ್ಲಿ ಆ ತಟ್ಟೆಗಳ ಚಿತ್ರ ತೋರಿಸಿ, ಚಪ್ಪಾಳೆ ನಿಲ್ಲುವವರೆಗೂ ಕನ್ನಡಕ ಒರೆಸುತ್ತ ನಿಂತರು. ಕನ್ನಡಕದಲ್ಲಿ ಧೂಳಿರಲಿಲ್ಲ.

ಆ ಔಷಧಿ ನೀರಿನಲ್ಲಿ ಕರಗುವುದಿಲ್ಲ. ಹಾಗಾಗಿ ರಕ್ತದ ಪ್ರೋಟೀನೊಂದರ ದ್ರಾವಣದಲ್ಲಿ ಬೆರೆಸಿ ಹಾಕುತ್ತಾರೆ. ಹೋಲಿಕೆಗೆಂದು ಇಟ್ಟ ತಟ್ಟೆಗಳಿಗೆ ಆ ಪ್ರೋಟೀನನ್ನು ಹಾಕಿರಲೇ ಇಲ್ಲ. ನಾನು ಔಷಧಿ ಬಿಟ್ಟು ಬರೀ ಪ್ರೋಟೀನು ಹಾಕಿ ನೋಡಿದೆ. ಕೆಂಪಾಗುವುದು ಅಷ್ಟೇ ನಿಧಾನವಾಯಿತು, ಕೋಶಗಳು ಅಷ್ಟೇ ಚೆನ್ನಾಗಿ ಉಳಿದವು. ಮತ್ತೆ ಮತ್ತೆ ಮಾಡಿದರೂ ಅದೇ. ವಿಷವನ್ನು ತಡೆದದ್ದು ಪ್ರೋಟೀನು. ಅದು ಎಲ್ಲರ ರಕ್ತದಲ್ಲೂ ಮೊದಲೇ ಇದೆ. ಔಷಧಿ ಅದರ ಹೆಗಲೇರಿ ಕೂತಿತ್ತು, ಥೇಟ್ ಅದನ್ನು ಕಂಡುಹಿಡಿದವರ ಹಾಗೆ.

ಊಟಕ್ಕೆ ಕೂತಾಗ ಹೇಳಿದೆ. "ಹಾಲು ಕುಡಿದವರು ಲೋಟನ ಹೊಗಳ್ತಾರೇನೇ?" ಎಂದರು. ಇಲ್ಲಿ ಲೋಟದಲ್ಲಿ ಹಾಲೇ ಇರಲಿಲ್ಲ ಎನ್ನುವಷ್ಟರಲ್ಲಿ ಎದ್ದು ಹೋಗಿ, ಟಿವಿ ಸಂದರ್ಶನಕ್ಕೆ ಯಾವ ಅಂಗಿ ಒಪ್ಪುತ್ತದೆಂದು ಕನ್ನಡಿಯನ್ನು ಕೇಳುತ್ತಿದ್ದರು. ಕನ್ನಡಿಯಾದರೂ ಅವರಿಗೆ ಎದುರಾಡುವುದಿಲ್ಲ.

ಇದನ್ನೆಲ್ಲ ನಕ್ಕು ಬಿಡಬಹುದಿತ್ತು. ಆದರೆ ಮುಂದಿನ ವಾರ ಅಮ್ಮ ತನ್ನ ಕೈನಡುಕದ ಈಗಿನ ಮಾತ್ರೆ ನಿಲ್ಲಿಸಿ, ಆಸ್ಪತ್ರೆಯಲ್ಲಿ ರೋಗಿಗಳ ಮೇಲೆ ನಡೆಯುವ ಆ ಔಷಧಿಯ ಪರೀಕ್ಷೆಗೆ ಸೇರುತ್ತಿದ್ದಾಳೆ. ಈ ಮಾತ್ರೆಯ ದೆಸೆಯಿಂದಲೇ ಅವಳು ತನ್ನ ರವಿಕೆಯ ಗುಂಡಿ ತಾನೇ ಹಾಕಿಕೊಳ್ಳುತ್ತಿರುವುದು. ಪರೀಕ್ಷೆಗೆ ಒಪ್ಪಿಗೆ ಕೊಟ್ಟ ಆಸ್ಪತ್ರೆಯ ಸಮಿತಿಗೆ ನಾನು ಇವತ್ತೇ ಬರೆಯುತ್ತೇನೆ. ನನ್ನ ಸಂಸಾರ ಮುರಿದರೆ ಮುರಿಯಲಿ. ಸಮಿತಿ ನಿಧಾನ. ನೀನು ಬೇಗ ಬಂದು ಅಮ್ಮನಿಗೆ ಹೇಳು. ನಿನ್ನ ಮಾತಾದರೆ ಕೇಳುತ್ತಾಳೆ.

ಮಕ್ಕಳು ನೆಗಡಿ ಕೆಮ್ಮು ಇಲ್ಲದೆ ಬೆಳೆಯಲಿ. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ ಅಕ್ಕ

ಮತ್ತೆ: ಅಮ್ಮನಿಗೆ ನಾನು ಹೇಳಿಲ್ಲವೆಂದುಕೊಳ್ಳಬೇಡ. ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಪೂರ್ತಿ ಕೇಳಿದಳು. ಆಮೇಲೆ ಅಂದಳು: "ನೀನು ಹೇಳೋದೇ ನಿಜ ಇರಬಹುದು ಕಣೇ. ಆದ್ರೆ ನಿನ್ನ ಗಂಡ ಪಕ್ಕದಲ್ಲಿ ಕೂತು, ವಾಸಿ ಆಗುತ್ತೆ ಅತ್ತೆ ಅಂದ್ರು. ಇಷ್ಟು ವರ್ಷದಲ್ಲಿ ನೀನು ಒಂದು ಸಲ ಅಂದ್ಯಾ?"